ಬೀರಣ್ಣನ ಗಾಯ ಮಾಯದೆ ಉಳಿದದ್ದು

ಬಚ್ಚಲುಮನೆಯ ಕನ್ನಡಿಯೆದುರು ನಿಂತು, ಅಂಗಿಯ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಅವರು ಹೊಕ್ಕುಳ ಪಕ್ಕದ ಉಬ್ಬನ್ನು ಎರಡು ಬೆರಳಿನಿಂದ ಒತ್ತಿದರು. ಇತ್ತ ಒತ್ತಿದರೆ ಅತ್ತ ಅಲುಗಿತು. ಹೊಲಿಗೆಯ ಕೆಳತುದಿಗೆ ಅಂಟಿಸಿದ್ದ ಬ್ಯಾಂಡೇಜ್ ಬಟ್ಟೆ ಒದ್ದೆಯಾಗಿ ಹಳದಿಗೆ ತಿರುಗಿತ್ತು. ಬಿಚ್ಚಿ ಮೂಸಿ ನೋಡಿದರು. ವಾಸನೆ ಬಂದರೆ ಕೂಡಲೇ ಬನ್ನಿ ಎಂದು ಡಾಕ್ಟರು ಹೇಳಿದ್ದರಿಂದ, ವಾಸನೆ ಬಾರದ ದಿನವೆಲ್ಲ ಅವರ ಲೆಕ್ಕದಲ್ಲಿ ಒಳ್ಳೆಯ ದಿನ.

"ಇನ್ನೂ ಸೋರ್ತಿದೆಯಾ?" ಹೆಂಡತಿ ಹೊರಗಿನಿಂದ ಕೇಳಿದರು.

"ನಲ್ಲೀನ ಕೇಳ್ತಿದ್ದೀಯೋ, ನನ್ನನ್ನೋ?"

"ನಲ್ಲಿ ರಿಪೇರಿ ಆಯ್ತು."

ಬೀದಿಯವರಿಗೆ ಅವರು ಬೀರಣ್ಣ. ತಂದೆತಾಯಿ ಇಟ್ಟ ಹೆಸರಲ್ಲ. ಬೀರು ಹೊತ್ತು ಹೊತ್ತು ಬಂದದ್ದು. ಪೀಠೋಪಕರಣದ ಅಂಗಡಿಯೊಂದರ ಸಾಮಾನನ್ನು ಮನೆಮನೆಗೆ ಮುಟ್ಟಿಸುವುದು, ಹಳೆಯದನ್ನು ಇಳಿಸಿ ತರುವುದು ಅವರ ಕೆಲಸ. ಲಿಫ್ಟಿನಲ್ಲಿ ಹಿಡಿಸದ ಬೀರು ಇಬ್ಬರ ಹೆಗಲ ಪಟ್ಟಿಯಲ್ಲಿ ಮೆಟ್ಟಿಲು ದಾಟುತ್ತದೆ. ಒಬ್ಬ ಮೇಲ್ಗಡೆ, ಒಬ್ಬ ಕೆಳಗಡೆ. ಭಾರದ ಹೆಚ್ಚುಪಾಲು ಕೆಳಗಿನವನದು. ಇಳಿಸುವಾಗ ಅವನು ಹಿಮ್ಮುಖವಾಗಿ ಕಾಲಿಡಬೇಕು. ಮುಂದೆ ಬೀರು, ಹಿಂದೆ ಏನಿದೆಯೋ ಕಾಣದು. ಮೇಲಿನವನು "ಮೆಟ್ಟಿಲು", "ತಿರುವು", "ಸಮ" ಎಂದು ಹೇಳುತ್ತಾನೆ, ಕೆಳಗಿನವನು ಹಾಗೇ ಕಾಲಿಡುತ್ತಾನೆ. ಬೀರಣ್ಣ ಯಾವತ್ತೂ ಕೆಳಗಡೆ. ಮೇಲ್ಗಡೆ ಅವರ ಹೆಂಡತಿಯ ತಮ್ಮ. ಇಬ್ಬರ ಎತ್ತರವೂ ಒಂದೇ, ಆದ್ದರಿಂದಲೇ ಜೋಡಿ. ಭಾಮೈದನನ್ನು ಈ ಕೆಲಸಕ್ಕೆ ಕರೆತಂದವರೂ ಬೀರಣ್ಣನೇ.

ಹರ್ನಿಯಾವನ್ನು ಅವರು ಬಹಳ ಕಾಲ ಒಳಗೆ ತಳ್ಳಿಕೊಂಡೇ ದುಡಿದರು. ಕೊನೆಗೆ ತಳ್ಳಿದರೂ ಹೋಗದಾದಾಗ ಆಪರೇಷನ್ ಆಯಿತು. ಒಳಗೆ ಬಲೆಯಂಥ ತೇಪೆ ಹೊಲಿದು, ಪಕ್ಕದಿಂದ ಒಂದು ಕೊಳವೆ ಬಿಟ್ಟು, ಅದರ ತುದಿಗೆ ರಬ್ಬರಿನ ಬುಂಡೆ ಸಿಕ್ಕಿಸಿದ್ದರು. ಬುಂಡೆಯಲ್ಲಿ ಸೇರುವ ನೀರು ಕಡಿಮೆಯಾದಾಗ ಕೊಳವೆ ತೆಗೆದರು. ಮನೆಗೆ ಬಂದ ಮೇಲೆ ಅದೇ ಜಾಗ ಮತ್ತೆ ಉಬ್ಬಿತು. ಹರ್ನಿಯಾ ಮರಳಿ ಬಂತು ಎಂದು ಹೆದರಿ ಅವರು ಮತ್ತೆ ಆಸ್ಪತ್ರೆಗೆ ಹೋದರು.

"ಹರ್ನಿಯಾನೂ ಅಲ್ಲ, ಕೀವೂ ಅಲ್ಲ," ಎಂದರು ಡಾಕ್ಟರು. "ಒಳಗೆ ಖಾಲಿ ಉಳಿದ ಕಡೆ ನೀರು ನಿಲ್ಲುತ್ತೆ. ಎಷ್ಟೋ ಜನಕ್ಕೆ ತಾನಾಗಿ ಆರುತ್ತೆ. ನಿಮ್ಮದು ಹಟಮಾರಿ." ಸೂಜಿ ಹಾಕಿ ನೀರೆಳೆದರು. ಅಗಲವಾದ ಎಲಾಸ್ಟಿಕ್ ಬೆಲ್ಟ್ ಕೊಟ್ಟರು. ಸೋರುವುದು ನಿಲ್ಲುವವರೆಗೆ ಭಾರ ಎತ್ತಕೂಡದು ಎಂದರು.

ಎತ್ತದಿದ್ದರೆ ಕೆಳಗಡೆಯ ಜಾಗ ಹೋಗುತ್ತದೆ. ಅವರಿಗಿದ್ದ ಚಿಂತೆ ಅದೊಂದೇ. ಆದರೆ ಅಂಗಡಿಯ ಯಜಮಾನರು, ಬೀರಣ್ಣ ತಾನಾಗಿ ಆಗಲ್ಲ ಅನ್ನುವವರೆಗೆ ಆ ಜಾಗಕ್ಕೆ ಬೇರೆಯವರನ್ನು ಹಾಕುವುದಿಲ್ಲ ಎಂದಿದ್ದರು. ಈ ಮಾತು ಕೇಳಿ ಬೀರಣ್ಣ ನೆಮ್ಮದಿಯಾಗಿದ್ದರು.

ನಲ್ಲಿಯ ಮಾತಾಡಿದ ಆ ಬೆಳಿಗ್ಗೆಯೇ ಭಾಮೈದ ಬಂದ. ಕೈಯಲ್ಲಿ ಹೊರುವ ಪಟ್ಟಿ.

"ಭಾವ, ಮೂರನೇ ಮಹಡಿಯ ಬೀರು ಒಂದಿದೆ. ನೀವು ಮೇಲ್ಗಡೆ ಸುಮ್ನೆ ದಾರಿ ತೋರಿಸಿ. ಕೆಳಗೆ ನಾನಿರ್ತೀನಿ."

"ಡಾಕ್ಟರು ಬೈತಾರೆ ಕಣೋ."

"ಡಾಕ್ಟರು ಬೀರು ಹೊತ್ತಿದ್ದಾರಾ? ಆ ಲಂಗದ ಥರದ ಬೆಲ್ಟ್ ಬಿಚ್ಚಿ, ಇದನ್ನ ಬಿಗೀರಿ. ಇಷ್ಟು ವರ್ಷ ಬೀರು ತಡೆದದ್ದು ಹೊಟ್ಟೆ ತಡೆಯಲ್ವಾ?"

ಆ ಪಟ್ಟಿಯ ಮೇಲೆ ಬೀರಣ್ಣನಿಗಿದ್ದ ನಂಬಿಕೆ ಯಾವ ಔಷಧದ ಮೇಲೂ ಇರಲಿಲ್ಲ. ಜೀವಮಾನದಲ್ಲಿ ಒಮ್ಮೆಯೂ ಅದು ಕೈಕೊಟ್ಟಿರಲಿಲ್ಲ. ಎಲಾಸ್ಟಿಕ್ ಬೆಲ್ಟ್ ಬಿಚ್ಚಿಟ್ಟು, ಹೊಲಿಗೆಯ ಮೇಲೇ ಪಟ್ಟಿ ಸುತ್ತಿ ಬಿಗಿದರು. ಹೆಂಡತಿ ಬಟ್ಟೆ ಮಡಚುತ್ತಿದ್ದರು. ಗಂಡನ ಕಡೆ ನೋಡಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಒಪ್ಪಿಗೆ ಇದೆ ಎಂದುಕೊಂಡು ಅವರು ಚಪ್ಪಲಿ ಮೆಟ್ಟಿದರು.

ಮೂರನೇ ಮಹಡಿಗೆ ಹೋಗಿ ನೋಡಿದರೆ ಅದು ಇಳಿಸಬೇಕಾದ ಬೀರು, ಮುಂಬದಿಗೆಲ್ಲ ಕನ್ನಡಿ. ಭಾಮೈದ ಆಗಲೇ ಮೇಲ್ಗಡೆಯ ತುದಿಗೆ ಹೋಗಿ ನಿಂತಿದ್ದ.

"ಕೆಳಗೆ ನಾನು ಅಂದಿದ್ಯಲ್ಲೋ?"

"ಈ ತಿರುವು ನನ್ನ ಕೈಲಾಗಲ್ಲ ಭಾವ. ನೀವಾದ್ರೆ ಕಣ್ಣು ಮುಚ್ಚಿ ಇಳೀತೀರಿ. ಆಗಲ್ಲ ಅಂದ್ರೆ ಹೇಳಿಬಿಡಿ."

ಆಗಲ್ಲ ಎಂದು ಅವರು ಹೇಳಲಿಲ್ಲ. ಬೀರು ಎದ್ದಿತು. "ಮೆಟ್ಟಿಲು," ಎಂದ ಭಾಮೈದ. ಅವರು ಕಾಲು ಹಿಂದಿಟ್ಟರು. "ಮೆಟ್ಟಿಲು." ಮೊದಲ ತಿರುವಿನಲ್ಲಿ ಹೊಟ್ಟೆಗೆ ಬಿಗಿದ ಪಟ್ಟಿ ಜರುಗಿ ಹೊಲಿಗೆಯನ್ನು ಉಜ್ಜಿತು. ಏನೋ ಬಿಟ್ಟಂತಾಗಿ, ಬೆಚ್ಚಗಿನ ನೀರು ತೊಡೆಯವರೆಗೆ ಇಳಿಯಿತು.

"ಕೆಳಗಿಡೋ," ಎಂದರು.

ಅಂಗಿ ಪ್ಯಾಂಟು ಎರಡೂ ತೊಯ್ದಿದ್ದವು. ಹಳದಿಯಲ್ಲಿ ತುಸು ಕೆಂಪು ಬೆರೆತಿತ್ತು. ಭಾಮೈದ ಹತ್ತಿರ ಬಂದು ನೋಡಿದ. "ಆಗಲ್ಲ ಅಲ್ವಾ ಭಾವ?"

"ಆಗಲ್ಲ ಕಣೋ."

ಭಾಮೈದ ಕಂಬಿಯ ಮೇಲಿಂದ ಬಗ್ಗಿ ಕೂಗಿದ: "ಬಾರಯ್ಯ ಮೇಲೆ."

ಕೆಳಗೆ ನಿಂತಿದ್ದ ಅಂಗಡಿಯ ವ್ಯಾನಿನಿಂದ ಒಬ್ಬ ಇಳಿದು ಮೆಟ್ಟಿಲು ಹತ್ತಿ ಬಂದ. ನಲವತ್ತರ ಆಸುಪಾಸಿನ ಗಟ್ಟಿ ಆಳು. ಹೆಗಲಿಗೆ ಆಗಲೇ ಪಟ್ಟಿ ಹಾಕಿಕೊಂಡಿದ್ದ. ಎತ್ತರ ಸರಿಯಾಗಿ ಬೀರಣ್ಣನಷ್ಟೇ. "ಸ್ವಲ್ಪ ಜರುಗಿ ಯಜಮಾನ್ರೇ," ಎಂದು ಮರ್ಯಾದೆಯಿಂದಲೇ ಹೇಳಿ ಕೆಳಗಡೆಯ ತುದಿ ಹಿಡಿದ. ಬೀರಣ್ಣ ಗೋಡೆಗೆ ಒರಗಿ ದಾರಿ ಬಿಟ್ಟರು. ಬೀರು ಅವರೆದುರೇ ಇಳಿದು ಹೋಯಿತು. ಮೆಟ್ಟಿಲು, ಮೆಟ್ಟಿಲು, ತಿರುವು.

ಆಸ್ಪತ್ರೆಯಲ್ಲಿ ಡಾಕ್ಟರು ಪಟ್ಟಿಯನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದರು. "ಇದೇನಿದು?"

"ಬೀರು ಕಟ್ಟೋದು."

"ನೀವೇನು ಬೀರೇ?"

ಹೊಲಿಗೆ ಹೆಬ್ಬೆರಳಗಲ ಬಿಟ್ಟಿತ್ತು. ಮತ್ತೆ ಹೊಲಿಯಲಿಲ್ಲ, ತಳದಿಂದಲೇ ತುಂಬಿಕೊಂಡು ಬರಲಿ ಎಂದು ಗಾಯದೊಳಗೆ ಔಷಧದ ಬಟ್ಟೆ ತುಂಬಿ, ದಿನಾ ಬದಲಿಸಬೇಕೆಂದರು. ಒಳಗಿನ ತೇಪೆ ಭದ್ರವಾಗಿತ್ತು.

ಸಂಜೆ ಹೆಂಡತಿ ನೀರು ತಂದಿಟ್ಟಾಗ ಬೀರಣ್ಣ ಹೊಸಬನ ವಿಷಯ ತೆಗೆದರು. ಹೆಂಡತಿಗೆ ಆಶ್ಚರ್ಯವಾಗಲಿಲ್ಲ.

"ನಿನಗೆ ಗೊತ್ತಿತ್ತಾ?"

"ಆಗಲ್ಲ ಅನ್ನೋದು ನಿಮ್ಮ ಬಾಯಿಂದ್ಲೇ ಬರಬೇಕಿತ್ತಂತೆ. ತಮ್ಮ ಹೇಳಿದ. ಹೀಗೆ ಗಾಯ ಬಿಡುತ್ತೆ ಅಂತ ನಂಗೇನು ಗೊತ್ತು? ಒಂದು ಮೆಟ್ಟಿಲು ಇಳಿದು ಸುಸ್ತಾಗಿ ಕೂರ್ತೀರಿ ಅಂದ್ಕೊಂಡೆ. ಮನೇಲಿ ಕೂತ್ಕೊಳ್ಳಿ ಅಂದ್ರೆ ನೀವು ಕೇಳ್ತಿದ್ರಾ?"

"ಕೇಳ್ತಿರಲಿಲ್ಲ. ಆದ್ರೂ ಹೇಳಬಹುದಿತ್ತು."

ಹೆಂಡತಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಭಾನುವಾರ ಭಾಮೈದ ಹಣ್ಣಿನ ಚೀಲ ಹಿಡಿದು ಬಾಗಿಲಲ್ಲಿ ನಿಂತ. "ನಿಮ್ಮ ಒಳ್ಳೇದಕ್ಕೇ ಮಾಡಿದ್ದು ಭಾವ. ಒಳಗೆ ಕರೀರಿ, ಬೀದಿಯವರು ನೋಡ್ತಿದ್ದಾರೆ."

"ನೀನು ಮೆಟ್ಟಿಲು ಅಂದಾಗೆಲ್ಲ ನಾನು ಹಿಂದೆ ತಿರುಗಿ ನೋಡದೆ ಕಾಲಿಟ್ಟಿದ್ದೀನಿ ಕಣೋ," ಎಂದರು ಬೀರಣ್ಣ. ದನಿ ಏರಲಿಲ್ಲ. "ಆವತ್ತೂ ಹಾಗೇ ಇಟ್ಟೆ."

ಭಾಮೈದ ಚೀಲವನ್ನು ಹೊಸ್ತಿಲ ಪಕ್ಕ ಇಟ್ಟು ಹೋದ. ಹಣ್ಣನ್ನು ಮನೆಯಲ್ಲಿ ಯಾರೂ ಮುಟ್ಟಲಿಲ್ಲ.

ಈಗ ಬ್ಯಾಂಡೇಜ್ ಬದಲಿಸಲು ಅವರು ಹೆಂಡತಿಯನ್ನು ಕರೆಯುವುದಿಲ್ಲ. ದಿನಾ ಬೆಳಿಗ್ಗೆ ನಡೆದುಕೊಂಡೇ ಆಸ್ಪತ್ರೆಗೆ ಹೋಗಿ ನರ್ಸ್ ಕೈಯಲ್ಲಿ ಮಾಡಿಸಿಕೊಂಡು ಬರುತ್ತಾರೆ. ಸೋರುವುದು ಕಡಿಮೆಯಾಗಿದೆ, ನಿಂತಿಲ್ಲ. ಗಾಯ ತುಂಬಿದ ಮೇಲೆ ಯಜಮಾನರು ಅವರಿಗೆ ಗೋದಾಮಿನಲ್ಲಿ ಕೂತು ಬೀರುವಿನ ಬಾಗಿಲಿಗೆ ಕೀಲು ಕೂರಿಸುವ ಕೆಲಸ ಕೊಡಲಿದ್ದಾರೆ. ಅವರು ಸಿದ್ಧಮಾಡಿದ ಬೀರುಗಳನ್ನು ಅಲ್ಲಿಂದ ಒಯ್ಯುವವರು ಭಾಮೈದ ಮತ್ತು ಆ ಹೊಸಬ.