ಬರೆದುಕೊಳ್ಳದ ಹೆಸರು

ಹೆಗ್ಗನಹಳ್ಳಿಯ ಆ ಸಣ್ಣ ಲೂಥರನ್ ಸಭೆಯಲ್ಲಿ ಕರ್ತನ ಭೋಜನ ತಿಂಗಳಿಗೊಂದು ಸಲ, ಮೊದಲ ಭಾನುವಾರ. ಅಂದು ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸಬೇಕೆನ್ನುವವರು ಹಿಂದಿನ ಸಂಜೆ ಐದರಿಂದ ಏಳರೊಳಗೆ ಚರ್ಚಿಗೆ ಬಂದು ಹೆಸರು ಕೊಡಬೇಕಿತ್ತು. ಯಾರೊಂದಿಗಾದರೂ ಮಾತು ಬಿಟ್ಟಿದ್ದರೆ, ಮನಸ್ಸಿಗೆ ಏನಾದರೂ ಭಾರವಿದ್ದರೆ, ಆ ನೆಪದಲ್ಲಿ ಅದನ್ನೂ ಹೇಳಿಕೊಂಡು ಹಗುರಾಗಲಿ ಎಂದು ಹಿರಿಯರು ಮಾಡಿದ ಪದ್ಧತಿ. ಹೆಸರು ಬರೆದುಕೊಳ್ಳುತ್ತಿದ್ದವರು ಯೋವೇಲಪ್ಪ.

ಯೋವೇಲಪ್ಪ ಪಾಸ್ಟರ್ ಅಲ್ಲ, ಉಪದೇಶಿ. ಎಲ್ಲರೂ ಅಯ್ಯನವರು ಎನ್ನುತ್ತಿದ್ದ ಪಾಸ್ಟರಿಗೆ ನಾಲ್ಕು ಸಭೆಗಳ ಹೊಣೆ. ಅವರು ಬಾರದ ಭಾನುವಾರ ಆರಾಧನೆ ನಡೆಸುವುದು, ಅವರು ಬರೆದು ಕಳಿಸಿದ ಪ್ರಸಂಗ ಓದುವುದು, ಹದಿನಾಲ್ಕು ತುಂಬಿದ ಮಕ್ಕಳಿಗೆ ನಂಬಿಕೆಯ ಪಾಠ ಹೇಳಿ, ಸಭೆಯ ಪೂರ್ಣ ಸದಸ್ಯರಾಗುವ ದೃಢೀಕರಣಕ್ಕೆ ತಯಾರು ಮಾಡುವುದು ಉಪದೇಶಿಯ ಕೆಲಸ. ಸಂಬಳವಿಲ್ಲ. ಹೊಟ್ಟೆಪಾಡಿಗೆ ಅವರು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ಮಾಡಿದರು. ಮೂವತ್ತೆರಡು ವರ್ಷ ಉಕ್ಕಿನ ಶಾಫ್ಟುಗಳನ್ನು ಅಳತೆಯ ಗೇಜಿನೊಳಗೆ ತೂರಿಸಿ ನೋಡಿ, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಪಕ್ಕಕ್ಕಿಟ್ಟರು.

ಅಂಥದೊಂದು ಗೇಜನ್ನು ಪಾಠಕ್ಕೂ ತರುತ್ತಿದ್ದರು. "ನೋಡ್ರಪ್ಪ, ದೇವರ ಆಜ್ಞೆ ಅಂದ್ರೆ ಇದು. ನೀನೆಷ್ಟು ಸೊಟ್ಟ ಇದೀಯ ಅಂತ ತೋರಿಸುತ್ತೆ. ಸೊಟ್ಟಗಿರೋದನ್ನ ನೆಟ್ಟಗೆ ಮಾಡುತ್ತಾ?"

"ಇಲ್ಲ ಸಾರ್."

"ಮತ್ತೆ ಯಾವುದು ಮಾಡುತ್ತೆ?"

"ಸುವಾರ್ತೆ ಸಾರ್."

"ಹಾಂ, ಕ್ಷಮೆ ಪುಕ್ಕಟೆ ಅನ್ನೋ ಸುದ್ದಿ. ಎರಡನ್ನೂ ಕಲಸಿಬಿಟ್ರೆ ಎರಡೂ ಕೆಟ್ಟುಹೋಗುತ್ತೆ."

ಈ ಉತ್ತರವನ್ನು ಎಲ್ಲರಿಗಿಂತ ಮೊದಲು ಹೇಳುತ್ತಿದ್ದವಳು ಅವರ ಒಬ್ಬಳೇ ಮಗಳು ಚೈತ್ರ. ಅಪ್ಪನಂತೆಯೇ ಚುರುಕು, ಅಪ್ಪನಂತೆಯೇ ಹಟ.

ಚೈತ್ರ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲೇ ಕೆಲಸದಲ್ಲಿದ್ದ ಮಲ್ಲತ್ತಹಳ್ಳಿಯ ಶಿವಕಿರಣನನ್ನು, ಅವನ ಮನೆಯವರ ಇಷ್ಟದಂತೆ, ಅವರ ಮನೆದೇವರ ಗುಡಿಯಲ್ಲಿ ಮದುವೆಯಾದಳು. ಸಭೆಯ ಹೊರಗೆ ಮದುವೆಯಾದವರು ಸಭೆಯ ಮುಂದೆ ನಿಂತು ತಪ್ಪೊಪ್ಪಿಕೊಂಡ ಮೇಲೆಯೇ ಕರ್ತನ ಭೋಜನಕ್ಕೆ ಬರಬೇಕೆಂದು ಆಗ ನಿಯಮವಿತ್ತು. ಆ ವಾರ ಕಾರ್ಯದರ್ಶಿ ಗೋಪೀನಾಥ, ಚರ್ಚಿನ ಮೆಟ್ಟಿಲ ಮೇಲೆ ನಾಲ್ಕು ಜನ ಕೇಳುವ ಹಾಗೆ, "ಏನ್ ಉಪದೇಶಿಗಳೇ, ಊರಿಗೆಲ್ಲ ಪಾಠ ಹೇಳ್ತೀರ, ಮನೇಲಿ ಹೇಳೋದು ಮರೆತ್ರಾ?" ಎಂದ. ಯೋವೇಲಪ್ಪ ಮೆಟ್ಟಿಲಿಳಿದು ಮನೆಗೆ ನಡೆದರು. ಅಂದು ಊಟ ಮಾಡಲಿಲ್ಲ.

ಮದುವೆಯಾದ ಐದನೆಯ ತಿಂಗಳು, ಶನಿವಾರ ಸಂಜೆ ಆರಕ್ಕೆ, ಚೈತ್ರ ಚರ್ಚಿಗೆ ಬಂದಳು. ಮೇಜಿನಾಚೆ ಅಪ್ಪ, ಈಚೆ ಅವಳು.

"ಪಪ್ಪಾ, ನಾಳೆಗೆ ನನ್ನ ಹೆಸರು ಬರ್ಕೊಳಿ."

"ಸಭೆ ಮುಂದೆ ನಿಂತು ಒಪ್ಕೋತೀಯಾ?"

"ಏನಂತ? ಶಿವುನ ಮದುವೆ ಆಗಿದ್ದು ತಪ್ಪು ಅಂತಾನಾ? ಅದು ಸುಳ್ಳಾಗುತ್ತೆ. ಪಾಪ ಬೇಕಾದಷ್ಟು ಮಾಡಿದೀನಿ ಪಪ್ಪಾ, ಅದನ್ನೆಲ್ಲ ಒಪ್ಕೋತೀನಿ. ಇದು ಆ ಲೆಕ್ಕಕ್ಕೆ ಬರಲ್ಲ."

"ಹಾಗಾದ್ರೆ ಬರ್ಕೊಳಲ್ಲ."

"ಬರ್ದು ಅಯ್ಯನವ್ರಿಗಾದ್ರೂ ತೋರಿಸಿ. ಅವ್ರು ಬೇಡ ಅಂದ್ರೆ ಬೇಡ."

"ಅವ್ರೇನು ಬೇರೆ ಹೇಳ್ತಾರಾ?" ಎಂದು ಯೋವೇಲಪ್ಪ ಪೆನ್ನಿನ ಮುಚ್ಚಳ ಹಾಕಿದರು. ಆಗ ಚೈತ್ರ ಬಸುರಿ ಎಂಬುದು ಅವರಿಗೆ ಗೊತ್ತಿರಲಿಲ್ಲ. ಹೊರಡುವಾಗ, "ನೀವು ಹೇಳ್ಕೊಟ್ಟಿದ್ದು ಇದಲ್ಲ ಕಣಪ್ಪಾ" ಎಂದಳು. ಅವಳು ಅವರನ್ನು ಅಪ್ಪಾ ಎಂದದ್ದು ಅದೊಂದೇ ಸಲ.

ಅದಾದ ಮೇಲೆ ಹನ್ನೊಂದು ವರ್ಷ. ಯೋವೇಲಪ್ಪನವರ ಹೆಂಡತಿ ಮಲ್ಲತ್ತಹಳ್ಳಿಗೆ ಹೋಗಿಬರುತ್ತಿದ್ದರು, ಮೊಮ್ಮಗಳು ಬಿಂದುಶ್ರೀಯ ಸುದ್ದಿಯನ್ನು ಗೋಡೆಗೆ ಹೇಳುವ ಹಾಗೆ ಹೇಳುತ್ತಿದ್ದರು. ಅವರು ತೀರಿಕೊಂಡಾಗ ಚೈತ್ರ ಸಮಾಧಿಗೆ ಬಂದು ಮಣ್ಣು ಹಾಕಿ, ಅಪ್ಪನಿಗೆ ನೀರಿನ ಬಾಟಲಿ ಕೊಟ್ಟು ಹೋದಳು. ಆಮೇಲೆ ತಿಂಗಳಿಗೊಮ್ಮೆ ಫೋನು: ಬಿಪಿ ಎಷ್ಟಿದೆ, ಮಾತ್ರೆ ಇದೆಯಾ. ಸಭೆಯ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಅವಳು ಒಂದು ದಿನ ಬಂದು, ನಿಂತು, ಒಪ್ಪಿಕೊಂಡು, ತಮ್ಮ ಪಕ್ಕದಲ್ಲಿ ಮೊಣಕಾಲೂರುತ್ತಾಳೆ ಎಂದು ಯೋವೇಲಪ್ಪ ಪ್ರತಿ ಮೊದಲ ಭಾನುವಾರ ಕಾದರು.

ಕಳೆದ ವರ್ಷ ಗೋಪೀನಾಥನ ಮಗ ರೇವಂತ್ ಬಾಪೂಜಿ ನಗರದ ಒಂದು ಕಲ್ಯಾಣ ಮಂಟಪದಲ್ಲಿ, ಹೋಮದ ಮುಂದೆ ಮದುವೆಯಾದ. ಮುಂದಿನ ತಿಂಗಳು ಕಮಿಟಿ ಸೇರಿತು. ಹೊಸ ಪಾಸ್ಟರ್ ಸಂಪತ್‌ಗೆ ಮೂವತ್ತನಾಲ್ಕು ವರ್ಷ.

"ಕಾಲ ಬದಲಾಗಿದೆ ಪಾಸ್ಟರ್," ಎಂದ ಗೋಪೀನಾಥ. "ಈ ಹೆಸರು ಕೊಡೋದು, ಒಪ್ಕೊಳೋದು, ಎಲ್ಲ ಬೇಡ. ಹುಡುಗ್ರು ಓಡೋಗ್ತಾರೆ."

ಪಾಸ್ಟರ್ ಹೆಸರು ಬರೆದುಕೊಂಡ ಹಳೆಯ ಪುಸ್ತಕಗಳನ್ನೆಲ್ಲ ತರಿಸಿಕೊಂಡು ತಿರುವಿಹಾಕಿದರು. "ಉಪದೇಶಿಗಳೇ, ಒಂದು ಆಶ್ಚರ್ಯ. ಇಪ್ಪತ್ತೇಳು ವರ್ಷದಲ್ಲಿ ಹಳೇ ಅಯ್ಯನವ್ರು ಒಬ್ಬರನ್ನೂ ತಡೆದಿಲ್ಲ. ತಕರಾರು ಇರೋ ಹೆಸರುಗಳ ಮುಂದೆ 'ಮನೆಗೆ ಹೋಗಿ ಮಾತಾಡಿದೆ, ಬರಲಿ' ಅಂತ ಬರೆದಿದಾರೆ. ಇಲ್ನೋಡಿ, ನಾಲ್ಕು ಕಡೆ."

ಯೋವೇಲಪ್ಪ ನೋಡಿದರು. ನಾಲ್ಕರಲ್ಲಿ ಎರಡು, ಸಭೆಯ ಹೊರಗೆ ಮದುವೆಯಾದವರ ಹೆಸರುಗಳು. ಆರಾಧನೆ ಮುಗಿದ ಮೇಲೆ ಅಯ್ಯನವರು ಪುಸ್ತಕದಲ್ಲಿ ಏನೋ ಬರೆಯುವುದನ್ನು ಅವರು ಕಂಡಿದ್ದರು. ಅದು ತಮ್ಮ ವಿಷಯವಲ್ಲವೆಂದು ಒಮ್ಮೆಯೂ ಹಿಂದಿನ ಪುಟ ತಿರುಗಿಸಿರಲಿಲ್ಲ. ರಟ್ಟಿನ ಒಳಬದಿಗೆ ಅಂಟಿಸಿದ ನಿಯಮ ಮಾತ್ರ ಅವರಿಗೆ ಬಾಯಿಪಾಠ: ಬಂದವರೆಲ್ಲರ ಹೆಸರನ್ನೂ ಉಪದೇಶಿ ಬರೆದುಕೊಳ್ಳತಕ್ಕದ್ದು, ತಡೆಯುವ ಅಧಿಕಾರ ಸಭಾಪಾಲಕರಿಗೆ, ಎಂದರೆ ಪಾಸ್ಟರಿಗೆ, ಮಾತ್ರ. ಇಪ್ಪತ್ತೇಳು ವರ್ಷ ತಪ್ಪದೆ ಅದನ್ನು ಪಾಲಿಸಿದ್ದರು. ತಪ್ಪಿದ್ದು ಒಂದೇ ಸಲ. ಅಂದು ಪೆನ್ನು ಮುಚ್ಚಿದ್ದು ನಿಯಮಕ್ಕಾಗಿ ಅಲ್ಲ, ಮೆಟ್ಟಿಲ ಮೇಲಿನ ಆ ನಾಲ್ಕು ಜನಕ್ಕಾಗಿ.

ಹತ್ತು ನಿಮಿಷದಲ್ಲಿ ಪದ್ಧತಿ ರದ್ದಾಯಿತು. ಆಮೇಲೆ ಎಲ್ಲರಿಗೂ ಬೋಂಡಾ, ಕಾಫಿ.

ಮರುದಿನವೇ ಯೋವೇಲಪ್ಪ ಆಟೋ ಹಿಡಿದು ಮಲ್ಲತ್ತಹಳ್ಳಿಗೆ ಹೋದರು. ಮಗಳ ಮನೆಗೆ ಅದು ಮೊದಲ ಭೇಟಿ. ಚೈತ್ರ ಬೆಚ್ಚಿದಳು, ಕೂರಿಸಿದಳು, ಸಕ್ಕರೆ ಇಲ್ಲದ ಕಾಫಿ ಕೊಟ್ಟಳು.

"ಇನ್ಮೇಲೆ ಹೆಸರು ಕೊಡ್ಬೇಕಾಗಿಲ್ಲ, ಒಪ್ಕೊಳೋದೂ ಬೇಕಾಗಿಲ್ಲ. ಸುಮ್ನೆ ಬರಬಹುದು," ಎಂದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಜೀವಮಾನವೆಲ್ಲ ಅರ್ಧ ಅಳತೆ ಬರೆದು ಅಭ್ಯಾಸವಿಲ್ಲದವರು. ಪುಸ್ತಕದಲ್ಲಿ ಕಂಡದ್ದನ್ನೂ ಹೇಳಿದರು.

ಚೈತ್ರ ಲೋಟ ಕೆಳಗಿಟ್ಟಳು. "ಅಂದ್ರೆ ಅಯ್ಯನವ್ರಿಗೆ ನಾನು ಬಂದಿದ್ದೇ ಗೊತ್ತಿರ್ಲಿಲ್ವಾ?"

"ಇಲ್ಲ."

"ನೀವು ಆಮೇಲಾದ್ರೂ ಹೇಳಿರ್ತೀರ, ಸಭೆಯವ್ರು ನನ್ನ ಬೇಡ ಅಂದ್ರು ಅಂತ ತಿಳ್ಕೊಂಡಿದ್ದೆ. ಅಮ್ಮನೂ ಹಾಗೇ ತಿಳ್ಕೊಂಡೇ ಹೋದ್ಳು." ಅವಳ ದನಿ ಏರಲಿಲ್ಲ. "ಒಪ್ಕೋ ಅಂತ ನನಗೆ ಹೇಳಿದ್ರಲ್ಲ ಪಪ್ಪಾ. ಈಗ ನೀವು ಅಲ್ಲಿ ನಿಂತು ಹೇಳಿ. ಹೇಗಾಯ್ತೋ ಹಾಗೆ."

"ಹೇಳಿದ್ರೆ ಬರ್ತೀಯಾ?"

"ಬರೋದಕ್ಕೋಸ್ಕರ ಹೇಳೋದಾದ್ರೆ ಹೇಳ್ಬೇಡಿ."

ಯೋವೇಲಪ್ಪ ಮೂರು ರಾತ್ರಿ ಬರೆದು, ಹೊಡೆದುಹಾಕಿ, ಕೊನೆಗೆ ಒಂಬತ್ತು ಸಾಲಿಗೆ ಇಳಿಸಿದರು. ಮೊದಲ ಭಾನುವಾರ ಆರಾಧನೆಗೆ ಮುಂಚೆ ಪಾಸ್ಟರಿಗೆ ತೋರಿಸಿದರು. ಓದಿದ ಪಾಸ್ಟರ್ ಅವರ ಕೈ ಹಿಡಿದುಕೊಂಡು, "ಇದೆಲ್ಲ ಸಭೆ ಮುಂದೆ ಬೇಕಾ ಉಪದೇಶಿಗಳೇ? ನಮ್ಮಿಬ್ಬರಲ್ಲೇ ಪ್ರಾರ್ಥನೆ ಮಾಡೋಣ" ಎಂದರು. ಯೋವೇಲಪ್ಪ ಬಿಡಲಿಲ್ಲ. ಹಾಗಾಗಿ ಪ್ರಕಟಣೆಗಳ ಹೊತ್ತಿನಲ್ಲಿ, ಮಹಿಳಾ ಕೂಟದ ಪ್ರವಾಸಕ್ಕೂ ನೀರಿನ ಟ್ಯಾಂಕ್ ಶುಚಿ ಮಾಡುವುದಕ್ಕೂ ನಡುವೆ, ಎರಡು ನಿಮಿಷ ಸಿಕ್ಕಿತು.

ನಿಂತು ಓದಿದರು. ನನ್ನ ಮಗಳು ಹಸಿದು ಬಂದಿದ್ದಳು, ನನಗಿಲ್ಲದ ಅಧಿಕಾರದಿಂದ ನಾನು ಅವಳನ್ನು ತಿರುಗಿ ಕಳಿಸಿದೆ, ನಿಮ್ಮ ಮಾತಿಗೆ ಹೆದರಿ ಕಳಿಸಿದೆ ಎಂದರು. ಯಾರೋ ಕೆಮ್ಮಿದರು. ಹಿಂದಿನ ಬೆಂಚಿನಲ್ಲಿ ಒಬ್ಬಾಕೆ ಕಣ್ಣೊರೆಸಿಕೊಂಡರು. ಯೋವೇಲಪ್ಪ ಬಂದು ಕೂತಾಗ ಗೋಪೀನಾಥ ಪಕ್ಕಕ್ಕೆ ಬಾಗಿ, "ಹಳೇದೆಲ್ಲ ಯಾಕೆ ಸಾರ್ ಈಗ, ಬಿಟ್ಹಾಕಿ" ಎಂದು ಬೆನ್ನು ತಟ್ಟಿದ. ಅವನಿಗೆ ಆ ಮೆಟ್ಟಿಲ ಮಾತು ನೆನಪಿದ್ದಂತೆ ಕಾಣಲಿಲ್ಲ. ಆಮೇಲೆ ಟ್ಯಾಂಕಿನ ವಿಷಯ ಬಂತು.

ಭೋಜನಕ್ಕೆ ಸಾಲು ಎದ್ದಿತು. ರೇವಂತ್ ಕೈಹಿಡಿದು ಹೆಂಡತಿಯನ್ನು ಮುಂದಕ್ಕೆ ಕರೆದುಕೊಂಡು ಹೋದ. ಪಾಸ್ಟರ್ ಅವಳ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ಚೆನ್ನಾದ ಹುಡುಗಿ, ಹೇಗೆ ಮೊಣಕಾಲೂರಬೇಕೆಂದು ತಿಳಿಯದೆ ನಾಚಿದಳು. ಯೋವೇಲಪ್ಪ ಬೆಂಚು ಬಿಟ್ಟು ಏಳಲಿಲ್ಲ. ಕ್ಷಮೆ ಪುಕ್ಕಟೆ ಎಂದು ಇಪ್ಪತ್ತೇಳು ವರ್ಷ ಕಲಿಸಿದವರು, ಅದನ್ನು ತೆಗೆದುಕೊಳ್ಳಲು ಕೈ ಚಾಚಲಾಗದೆ ಕೂತರು.

ಮಧ್ಯಾಹ್ನ ತಾವೇ ಫೋನ್ ಮಾಡಿದರು.

"ಹೇಳ್ದೆ," ಎಂದರು.

"ಹೂಂ. ಅಮ್ಮನ ಫ್ರೆಂಡ್ ಕಲಾ ಆಂಟಿ ಮೆಸೇಜ್ ಹಾಕಿದ್ರು. ನೀವು ಭೋಜನ ತಗೊಳ್ಳಲಿಲ್ವಂತೆ?"

"ಹೋಗ್ಬೇಕು ಅನ್ನಿಸ್ಲಿಲ್ಲಮ್ಮ."

"ನನಗೆ ಅನ್ನಿಸ್ತಿತ್ತು ಪಪ್ಪಾ," ಎಂದಳು ಚೈತ್ರ. "ಮೊದಲ ಮೂರು ವರ್ಷ, ಪ್ರತಿ ತಿಂಗಳೂ. ಬಿಂದು ಹುಟ್ಟಿದಾಗಂತೂ ತುಂಬಾ. ಆಮೇಲೆ ನಿಂತೋಯ್ತು. ಈಗ ಎಷ್ಟು ಹುಡುಕಿದ್ರೂ ಆ ಹಸಿವು ಸಿಗ್ತಾ ಇಲ್ಲ."

ಯೋವೇಲಪ್ಪ ಫೋನನ್ನು ಕಿವಿಗೊತ್ತಿಕೊಂಡೇ ಇದ್ದರು. ಹೇಳಲು ಅವರ ಬಳಿ ಪಾಠಗಳು ಮಾತ್ರ ಇದ್ದವು. ಆ ಕಡೆ ಬಿಂದುಶ್ರೀ ಏನೋ ಕೂಗಿದಳು.

"ಮಾತ್ರೆ ತಗೊಳಿ," ಎಂದು ಚೈತ್ರ ಫೋನಿಟ್ಟಳು.