ಟಿ.ವಿ. ಬೆಳ್ಳಗಿದ್ದ ಬೆಳಗ್ಗೆ

ಕಾಲೇಜು ರಸ್ತೆಯ ತಿರುವಿನಲ್ಲಿದ್ದ ಸೆಲೂನಿನ ಯಜಮಾನ ಮಾತಿನ ಮಲ್ಲ. ಕತ್ತರಿ ನಿಂತರೂ ಅವನ ಬಾಯಿ ನಿಲ್ಲುತ್ತಿರಲಿಲ್ಲ. ಗಿರಾಕಿಯ ಕೊರಳಿಗೆ ಬಿಳಿ ಬಟ್ಟೆ ಸುತ್ತಿ ತಲೆಗೆ ನೀರು ಚಿಮುಕಿಸುವಷ್ಟರಲ್ಲಿ ಊರ ಸುದ್ದಿಯೆಲ್ಲ ಒಂದು ಸುತ್ತು ಬಂದಿರುತ್ತಿತ್ತು. ಆದರೆ ಒಂದು ಸುದ್ದಿಯನ್ನು ಮಾತ್ರ ಅವನಿಗೆ ಯಾರ ತಲೆಗೂ ಹತ್ತಿಸಲು ಆಗಿರಲಿಲ್ಲ. ಅದು ಅವನ ಮಗಳ ಸುದ್ದಿ.

ಮಗಳನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಗಿಡ್ಡ ಆಳು, ಪುಟ್ಟ ಮೈಕಟ್ಟು. ಮನೆಯಲ್ಲಿ ಅವಳಾಡುವ ಮಾತು ಪಕ್ಕದಲ್ಲಿ ಕೂತವರಿಗೂ ಸರಿಯಾಗಿ ಕೇಳುತ್ತಿರಲಿಲ್ಲ. ಅಂಥವಳು ಕಾಲೇಜಿನ ಹುಡುಗಿಯರ ದೋಣಿ ತಂಡ ಸೇರಿದ್ದಳು. ಉದ್ದನೆಯ, ತೆಳ್ಳನೆಯ ದೋಣಿ. ಎಂಟು ಜನ ಗುರಿಗೆ ಬೆನ್ನು ಹಾಕಿ ಕೂತು ಹುಟ್ಟು ಹಾಕುತ್ತಾರೆ. ಅವರ ಎದುರಿಗೆ, ಚುಕ್ಕಾಣಿ ಹಿಡಿದು ಕೂಗುತ್ತ ಕೂರುವವಳು ಗುಬ್ಬಿ. ಮುಂದಿನ ದಾರಿ ಕಾಣುವುದು ಅವಳೊಬ್ಬಳಿಗೇ.

ಆ ತಂಡಕ್ಕೆ ಸೋಲೆಂದರೆ ಏನೆಂದೇ ಗೊತ್ತಿರಲಿಲ್ಲ. ದೇಶದ ಕಾಲೇಜುಗಳೆಲ್ಲ ಸೇರುವ ಸ್ಪರ್ಧೆಯಲ್ಲಿ ವರ್ಷ ವರ್ಷವೂ ಅವರದೇ ಗೆಲುವು. ಹೊಸ ಹುಡುಗಿಯರು ಬರುತ್ತಿದ್ದರು, ಹಳಬರು ಹೋಗುತ್ತಿದ್ದರು, ಗೆದ್ದ ಕಪ್ ಮಾತ್ರ ಅಲ್ಲೇ ಇರುತ್ತಿತ್ತು. ಆದರೆ ಪೇಪರಿನವರಿಗೆ ಅದು ಲೆಕ್ಕಕ್ಕೇ ಇಲ್ಲ. ಅದೇ ಕಾಲೇಜಿನ ಫುಟ್‌ಬಾಲ್ ತಂಡ ಸೋತು ಸುಣ್ಣವಾಗಿ ಬಂದರೂ ಅರ್ಧ ಪುಟದ ಫೋಟೋ. ದೋಣಿ ತಂಡದ ಗೆಲುವು ಬಂದರೆ ಬಂತು, ಪದಬಂಧದ ಕೆಳಗೆ ಒಂದು ಸಾಲು.

ಯಜಮಾನ ಬಿಳಿ ಸಮವಸ್ತ್ರ ತೊಟ್ಟ ತಂಡದ ಫೋಟೋಕ್ಕೆ ಕಟ್ಟು ಹಾಕಿಸಿ ಎರಡು ಕನ್ನಡಿಗಳ ನಡುವೆ ತೂಗುಹಾಕಿದ್ದ. ಗಿರಾಕಿಗಳು ಅದನ್ನು ನೋಡಿ, ಯಾವ ಆಸ್ಪತ್ರೆಯ ನರ್ಸುಗಳು ಎಂದು ಕೇಳುತ್ತಿದ್ದರು. ಅವನು ಕತ್ತರಿ ಎತ್ತಿ ಹಿಡಿದು ವಿವರಿಸಲು ಶುರುಮಾಡಿದರೆ, ಓಹೋ ಎಂದು ತಲೆದೂಗಿ ಫುಟ್‌ಬಾಲಿಗೇ ಮರಳುತ್ತಿದ್ದರು. ಹೆಂಡತಿಯೂ ಮೂಗು ಮುರಿಯುತ್ತಿದ್ದಳು. ನೀರಲ್ಲಿ ಕೂತು ಕೂಗುವುದಕ್ಕೆ ಕಾಲೇಜಿಗೆ ಯಾಕೆ ಹೋಗಬೇಕು ಎಂಬುದು ಅವಳ ಪ್ರಶ್ನೆ.

ಗುಬ್ಬಿಯ ಕೊನೆಯ ವರ್ಷ, ಅದೆಲ್ಲೋ ಫುಟ್‌ಬಾಲ್ ಪಂದ್ಯವೊಂದು ಮುಂದಕ್ಕೆ ಹೋಯಿತು. ಖಾಲಿ ಉಳಿದ ಹೊತ್ತು ತುಂಬಲು ಟಿ.ವಿ.ಯವರು ದೋಣಿ ಸ್ಪರ್ಧೆಯ ಫೈನಲ್ ತೋರಿಸಲು ಒಪ್ಪಿದರು. ಯಜಮಾನನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಬೆಳಗ್ಗೆ ಕುರ್ಚಿಗಳನ್ನೆಲ್ಲ ಟಿ.ವಿ. ಕಡೆ ತಿರುಗಿಸಿದ. ಹೆಂಡತಿಯನ್ನು ಮನೆಯಿಂದ ಎಳೆದುಕೊಂಡು ಬಂದ. ಗಡ್ಡ ಹೆರೆಸಿಕೊಳ್ಳಲು ಬಂದ ಬ್ಯಾಂಕಿನ ಗುಮಾಸ್ತ ಒಂದು ಕೆನ್ನೆಯ ನೊರೆ ಹಾಗೇ ಇಟ್ಟುಕೊಂಡು ಕೂತ.

ದೂರದ ಯಾವುದೋ ಸರೋವರ. ದೋಣಿಗಳು ಸಾಲಾಗಿ ಹೊರಟವು. ಇನ್ನೇನು ಮಗಳ ಮುಖ ಹತ್ತಿರದಿಂದ ಕಾಣುತ್ತದೆ ಎನ್ನುವಾಗ ಗುಡ್ಡದ ಕಡೆಯಿಂದ ಮಂಜು ಇಳಿಯಿತು. ಮೊದಲು ದಡ ಮಾಯವಾಯಿತು, ಆಮೇಲೆ ನೀರು, ಆಮೇಲೆ ದೋಣಿಗಳು. ಟಿ.ವಿ. ತುಂಬ ಹಾಲು ಚೆಲ್ಲಿದಂಥ ಬಿಳುಪು. ವಿವರಣೆ ಕೊಡುತ್ತಿದ್ದವನು ಹೇಳಲು ಏನೂ ತೋಚದೆ ಸುಮ್ಮನಾದ. ಸೆಲೂನಿನಲ್ಲಿ ಯಾರೋ ನಕ್ಕರು.

ಆಗ ಆ ಬಿಳುಪಿನೊಳಗಿಂದ ಒಂದು ದನಿ ಬಂತು. ದೋಣಿಗಳಲ್ಲಿ ಮೈಕು ಇಟ್ಟಿದ್ದರು.

"ಎಳೀರಿ... ಬಿಡಿ. ಎಳೀರಿ... ಬಿಡಿ. ದಾರಿ ನಾನು ನೋಡ್ಕೋತೀನಿ, ನೀವು ಎಳೀರಿ."

ತುಂಬಿದ, ಆಳವಾದ, ಒಂದಿಷ್ಟೂ ನಡುಗದ ದನಿ. ಅದು ಯಾರದೆಂದು ಯಜಮಾನನಿಗೆ ಕ್ಷಣಕಾಲ ಹೊಳೆಯಲಿಲ್ಲ. ಹೆಂಡತಿ ಅವನ ತೋಳು ಹಿಡಿದಳು. "ನಮ್ಮ ಗುಬ್ಬಿ ಕಣ್ರೀ," ಎಂದಳು.

ನಕ್ಕವರು ಟಿ.ವಿ. ಕಡೆಗೆ ಬಾಗಿ ಕೂತರು. ಹುಟ್ಟು ನೀರಿಗೆ ಬೀಳುವ ಸದ್ದು, ಆ ದನಿ, ಮತ್ತೆ ಹುಟ್ಟಿನ ಸದ್ದು. ಅಂಗಡಿಯೇ ನಿಧಾನವಾಗಿ ತೇಲುತ್ತಿದೆಯೇನೋ ಅನ್ನಿಸಿತು. ಗುಮಾಸ್ತನ ತಲೆ ಆ ಲಯಕ್ಕೆ ಹಿಂದೆ ಮುಂದೆ ತೂಗುತ್ತಿತ್ತು. ಇಷ್ಟು ಮಂಜಿನಲ್ಲಿ ಅವಳಿಗೂ ಏನೂ ಕಾಣುತ್ತಿಲ್ಲ ಎಂಬುದು ಯಜಮಾನನಿಗೆ ಮಾತ್ರ ಅರ್ಥವಾಗಿತ್ತು.

ಕೊನೆಗೆ ಎಲ್ಲೋ ಒಂದು ಕಹಳೆ ಕೂಗಿತು. ಗೆದ್ದವರು ಯಾರೆಂದು ವಿವರಣೆಕಾರನಿಗೂ ಗೊತ್ತಿಲ್ಲ. ಬಹಳ ಹೊತ್ತಿನ ಮೇಲೆ ಮಂಜು ಸೀಳಿಕೊಂಡು ಒಂಟಿ ದೋಣಿಯೊಂದು ಹೊರಬಂತು. ಎಂಟು ಜನ ಹುಟ್ಟಿನ ಮೇಲೆ ಕುಸಿದು ಬಿದ್ದಿದ್ದರು. ಗುಬ್ಬಿಯೊಬ್ಬಳೇ ನೆಟ್ಟಗೆ ಕೂತಿದ್ದಳು. ಅಷ್ಟರಲ್ಲಿ ಜಾಹೀರಾತು ಬಂತು.

ಮರುದಿನ ಪೇಪರಿನಲ್ಲಿ ಮಂಜಿನ ಬಗ್ಗೆ ದೊಡ್ಡ ಸುದ್ದಿಯೇ ಇತ್ತು. ಗೆದ್ದ ಗುಬ್ಬಿಯ ಕಾಲೇಜಿನ ಹೆಸರು ಕೊನೆಯ ಸಾಲಿನಲ್ಲಿ, ಅದೂ ತಪ್ಪಾಗಿ. ಯಜಮಾನ ಕೆಂಡವಾದ. ಊರಿಗೆ ಬಂದ ಮಗಳು ಅದನ್ನು ಓದಿ ನಕ್ಕು, ಇನ್ನೊಂದಿಷ್ಟು ಅನ್ನ ಬಡಿಸಿಕೊಂಡಳು.

"ದಾರಿ ಕಾಣ್ತಿತ್ತೇನಮ್ಮಾ?" ಎಂದು ಅವನು ಮೆಲ್ಲಗೆ ಕೇಳಿದ.

"ಇಲ್ಲಪ್ಪ. ಬೇರೆ ದೋಣಿಗಳ ಸದ್ದು ಹಿಂದೆ ಬೀಳ್ತಾ ಇತ್ತು. ಅಷ್ಟೇ ಗೊತ್ತಾಗಿದ್ದು."

"ಹೆದರಿಕೆ ಆಗ್ಲಿಲ್ವಾ?"

"ಆಯ್ತು. ಹುಡುಗಿಯರಿಗೆ ಹೇಳ್ಲಿಲ್ಲ."

ಆ ರಾತ್ರಿ ಯಜಮಾನ ಮಲಗಿದಲ್ಲೇ ಕಣ್ಣುಬಿಟ್ಟುಕೊಂಡು ಇದ್ದ. ಇಷ್ಟು ವರ್ಷ ತಾನು ಊರಿಗೆಲ್ಲ ಹೇಳಲು ಹೆಣಗಿದ್ದ ಮಗಳನ್ನು ತಾನೇ ಕಂಡಿರಲಿಲ್ಲವಲ್ಲ ಎನ್ನಿಸಿತು. ಅದರಲ್ಲಿ ನೋವಿರಲಿಲ್ಲ, ಏನೋ ಒಂಥರಾ ಹಗುರತನವಿತ್ತು.

ಗುಬ್ಬಿ ಮುಂದೆ ಅದೇ ತಂಡಕ್ಕೆ ಕೋಚ್ ಆದಳು. ತಂಡ ಗೆಲ್ಲುತ್ತಲೇ ಹೋಯಿತು, ಪೇಪರು ಒಂದು ಸಾಲಿಗಿಂತ ಹೆಚ್ಚು ಬರೆಯಲಿಲ್ಲ. ಆದರೆ ಗುಮಾಸ್ತ ಮಾತ್ರ ಪ್ರತಿ ವರ್ಷ ಅಂಗಡಿಗೆ ಬಂದು, ಈ ಸಲ ಏನಾಯಿತು ಎಂದು ತಾನಾಗಿಯೇ ಕೇಳುತ್ತಿದ್ದ. ಯಜಮಾನನಿಗೆ ಅಷ್ಟು ಸಾಕಾಗಿತ್ತು.

ಅವನ ಕೈ ನಡುಗಲು ಶುರುವಾಗಿ ಅಂಗಡಿಯನ್ನು ತಮ್ಮನ ಮಗನಿಗೆ ಬಿಟ್ಟುಕೊಟ್ಟ ಮೇಲೆ, ಒಂದು ಭಾನುವಾರ ಗುಬ್ಬಿ ಅಪ್ಪನನ್ನು ತಂಡ ಅಭ್ಯಾಸ ಮಾಡುವ ಕೆರೆಗೆ ಕರೆದೊಯ್ದಳು. ಕಲಿಯುವವರಿಗೆಂದು ಇಟ್ಟಿದ್ದ ಅಗಲವಾದ ದೋಣಿಯ ಮೂತಿಯಲ್ಲಿ ಕೂರಿಸಿದಳು. ಹುಡುಗಿಯರು ಹುಟ್ಟು ಹಾಕಿದರು. ನೀರು ಬೂದು ಬಣ್ಣಕ್ಕಿತ್ತು, ಆಕಾಶವೂ ಹಾಗೇ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವೋ ತಿಳಿಯುತ್ತಿರಲಿಲ್ಲ. ಹಿಂದಿನಿಂದ ಮಗಳ ದನಿ ಬರುತ್ತಿತ್ತು, ದೋಣಿ ನಿದ್ದೆಯಲ್ಲಿ ಜಾರುವಂತೆ ಜಾರುತ್ತಿತ್ತು. ಮಾತಿನ ಮಲ್ಲ ಆ ದಡ ಮುಟ್ಟುವವರೆಗೂ ಸೊಲ್ಲೆತ್ತಲಿಲ್ಲ.

ಮನೆಗೆ ಬಂದಾಗ ಹೆಂಡತಿ ಹೇಗಿತ್ತು ಎಂದು ಕೇಳಿದಳು.

"ಬರೋ ಭಾನುವಾರ ನೀನೂ ಬಾ," ಎಂದ.