ಮಾವಿನ ಸಿಪ್ಪೆಯ ಮುನಿರಾಜು

ಮಾವಿನ ಸಿಪ್ಪೆಯನ್ನು ಯಾರಾದರೂ ವೇಸ್ಟ್ ಅಂದರೆ ಸಾಕು, ಮುನಿರಾಜು ಟೆಂಪೋ ನಿಲ್ಲಿಸಿ, ಕೆಳಗಿಳಿದು ಬುದ್ಧಿ ಹೇಳುತ್ತಿದ್ದ. “ವೇಸ್ಟ್ ಅನ್ಬ್ಯಾಡಕ್ಕಾ, ಅನ್ನ ಅನ್ನು. ಮನುಸ್ರು ಬಿಟ್ಟಿದ್ದು ದನಕ್ಕೆ, ದನ ಬಿಟ್ಟಿದ್ದು ಬೂಮಿಗೆ. ಬಿಸಾಕಿದ್ರೆ ಪಾಪ ಬತ್ತದೆ.”

ಬಾಯಲ್ಲಿ ಬೆಲ್ಲ, ಹೊಟ್ಟೆಯಲ್ಲಿ ವಿಷ. ಬಂಗಾರಪೇಟೆಯ ಹೊರಗಿದ್ದ ಮಾವಿನ ಪಲ್ಪ್ ಫ್ಯಾಕ್ಟರಿಯಿಂದ ಡ್ರಮ್ಮುಗಳಲ್ಲಿ ಸಿಪ್ಪೆ ತುಂಬಿಕೊಂಡು ಬೂದಿಕೋಟೆ ಕಡೆಯ ನಮ್ಮೂರಿಗೆ ಬರುತ್ತಿದ್ದ. ಬೇಸಿಗೆಯಲ್ಲಿ ಹಸಿರು ಮೇವಿಲ್ಲದ ನಮಗೆ ದೇವರೇ ಬಂದಂತಾಗಿತ್ತು. ಮೊದಲು ಕೊಂಡವಳು ನಾನು. ನನ್ನ ಮಾತು ನಂಬಿ ಊರೆಲ್ಲ ಕೊಂಡಿತು.

ಸಿಪ್ಪೆಯನ್ನು ರಾಗಿ ಹುಲ್ಲಿಗೆ ಬೆರೆಸಿ ಅಂದೇ ಹಾಕಬೇಕು. ಭಾನುವಾರ ಫ್ಯಾಕ್ಟರಿಗೆ ರಜೆ. ಶನಿವಾರ ಮಿಕ್ಕದ್ದು ಡ್ರಮ್ಮಿನಲ್ಲೇ ಹುಳಿಯುತ್ತಿತ್ತು. ಸೋಮವಾರ ಮುನಿರಾಜು ಅದರ ಮೇಲೆ ಹೊಸದು ಸುರಿದು ತರುತ್ತಿದ್ದ. ನಾವು ಮೇಲಿನ ಹಿಡಿಯನ್ನು ಮೂಸಿ ಒಪ್ಪಿಕೊಳ್ಳುತ್ತಿದ್ದೆವು. ಎಂಥ ಪೆದ್ದರು! ಅಂಥದೊಂದು ಸೋಮವಾರ ನನ್ನ ಹಸು ಗೌರಿ ಹೊಟ್ಟೆಯುಬ್ಬಿ ಬಿದ್ದಳು. ಡಾಕ್ಟರು ಬರುವಷ್ಟರಲ್ಲಿ ಪ್ರಾಣ ಹೋಗಿತ್ತು. ಅವನು ಇಳಿಸಿ ಹೋಗಿದ್ದ ಡ್ರಮ್ಮು ಮಗುಚಿದರೆ ತಳದಲ್ಲಿ ಬೂಷ್ಟು ಹಿಡಿದ ಕಪ್ಪು ಮುದ್ದೆ.

ಬಸ್ಸು ಹತ್ತಿ ಬೇತಮಂಗಲದ ಅವನ ಮನೆಗೇ ಹೋದೆ. ಅಂಗಳದಲ್ಲಿ ಅವನ ಹಸು ಹಚ್ಚಗಿನ ಜೋಳದ ಕಡ್ಡಿ ಮೇಯುತ್ತಿತ್ತು. ಗೊಂತಿನಲ್ಲಿ ಸಿಪ್ಪೆಯ ಸುಳಿವೇ ಇಲ್ಲ.

“ಅನ್ನ ಅಂತಿದ್ಯಲ್ಲೋ, ನಿನ್ ಹಸೂಗ್ಯಾಕೆ ಆಕಿಲ್ಲ?” ಅಂದೆ.

ಅವನು ನಕ್ಕ. “ಇದ್ರ ಆಲು ನಮ್ ಮಕ್ಳು ಕುಡೀತಾವಕ್ಕಾ. ನಿಮ್ದು ಡೈರಿಗೆ ಓಗೋದಲ್ವಾ?”

ಡೈರಿಯ ಹಾಲು ಕುಡಿಯುವವರು ಇವನ ಪಾಲಿಗೆ ಮಕ್ಕಳಲ್ಲ. ಕಾಲಿನದು ಕೈಗೆ ಬಂದಿತ್ತು; ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳೆಂದು ಸುಮ್ಮನೆ ಬಂದೆ.

ಮರುದಿನ ಬೆಳಿಗ್ಗೆ ಡೈರಿಯ ಸಾಲಿನಲ್ಲಿ ಎಲ್ಲವನ್ನೂ ಹೇಳಿದೆ. ಆಮೇಲೆ ನಮ್ಮೂರಲ್ಲಿ ಒಬ್ಬರೂ ಅವನ ಸಿಪ್ಪೆ ಮುಟ್ಟಲಿಲ್ಲ. ಅವನೂ ಬರುವುದು ಬಿಟ್ಟ. ಒಂದೇ ಒಂದು ಸಲ ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, “ಚೆನ್ನಾಗಿದ್ದೀಯೇನಕ್ಕಾ?” ಅಂದ. ಮುಖ ತಿರುಗಿಸಿದೆ. ಅವನನ್ನು ಮತ್ತೆ ನೋಡಿಲ್ಲ, ನೋಡುವ ಆಸೆಯೂ ಇಲ್ಲ.

ಈಗ ಫ್ಯಾಕ್ಟರಿಯ ಸಿಪ್ಪೆ ರಸ್ತೆ ಬದಿಯ ಹಳ್ಳದಲ್ಲಿ ಕೊಳೆಯುತ್ತದೆ. ಈ ಬೇಸಿಗೆಯಲ್ಲಿ ಪಕ್ಕದ ಮನೆಯ ಎಮ್ಮೆ ಮೇವಿಲ್ಲದೆ ಒರಲುತ್ತಿತ್ತು. “ಅವತ್ತವತ್ತಿಂದು ತಂದ್ರೆ ಏನೂ ಆಗಲ್ಲ, ಆಕು” ಅಂತ ಆ ಮನೆಯವಳಿಗೆ ಹೇಳಿದೆ. ಅವಳು ನನ್ನ ಖಾಲಿ ಕೊಟ್ಟಿಗೆಯ ಕಡೆ ನೋಡಿ ಒಳಗೆ ಹೋದಳು.